ಬಿಸ್ಕುಪಿನ್ ಗ್ರಾಮದ ಪೂರ್ವೋತ್ತರ

ರಾಜಧಾನಿಗಳ ಚರಿತ್ರೆಯನ್ನು ಬರೆದವರು ಅನೇಕರು. ಹಳ್ಳಿಗಳ ಚರಿತ್ರೆಯನ್ನು ಬರೆದವರು ವಿರಳ. ಬಿತ್ತುವುದು, ಬೆಳೆಯುವುದು, ಉಣ್ಣುವುದು ಇವುಗಳ ಹೊರತು ಹಳ್ಳಿಯಲ್ಲಿ ಬರೆದಿಡತಕ್ಕಂಥದು ಏನು ನಡೆದೀತು ಎಂಬ ಭಾವನೆಯೇ ಇದಕ್ಕೆ ಕಾರಣವಾಗಿರಬೇಕು. ಆದರೆ ಕೆಲವು ನೂರು ಜನ ವಾಸಿಸುವ ಒಂದು ಸಣ್ಣ ಗ್ರಾಮದ ಕೆಸರಿನಲ್ಲಿ ಹುದುಗಿದ್ದ ಮರದ ತುಂಡುಗಳು ಎರಡು ದೊಡ್ಡ ರಾಷ್ಟ್ರಗಳ ವ್ಯಾಜ್ಯದಲ್ಲಿ ಸಾಕ್ಷಿಗಳಾಗಿ ನಿಲ್ಲಬೇಕಾಗಿ ಬಂದುದುಂಟು. ಪೋಲೆಂಡ್ ದೇಶದ ಬಿಸ್ಕುಪಿನ್ ಎಂಬ ಹಳ್ಳಿಯ ವೃತ್ತಾಂತ ಅಂಥದು. ಆ ಹಳ್ಳಿಯ ನೆಲದ ಸ್ವರೂಪ, ಅದರ ಪೂರ್ವೋತ್ತರ, ಅಲ್ಲಿ ದೊರೆತ ಪ್ರಾಚೀನ ಕೋಟೆ, ಆ ಕೋಟೆಯ ಹೆಸರಿನಲ್ಲಿ ನಡೆದ ವಾದ, ಕಡೆಗೆ ಆ ಮರಗಳೇ ಕೊಟ್ಟ ಉತ್ತರ ಇವುಗಳನ್ನು ಸಂಗ್ರಹವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ದೇಶಸ್ಥಿತಿ

ಪೋಲೆಂಡ್ ದೇಶದ ಪಶ್ಚಿಮಭಾಗದಲ್ಲಿ ಪೊಜ್ನಾನ್ ಎಂಬ ದೊಡ್ಡ ನಗರವಿದೆ. ಅಲ್ಲಿಂದ ಈಶಾನ್ಯ ದಿಕ್ಕಿಗೆ ನೇರದೂರದಲ್ಲಿ ಸುಮಾರು ೭೦ ಕಿಲೋಮೀಟರು ಹೋದರೆ ಪಾವೂಕಿ ಎಂಬ ಸೀಮೆ ಸಿಕ್ಕುತ್ತದೆ. ಈ ಸೀಮೆಯ ಮುಖ್ಯ ಪಟ್ಟಣ ಝ್ನಿನ್. ಝ್ನಿನ್ ಪಟ್ಟಣಕ್ಕೆ ದಕ್ಷಿಣದಲ್ಲಿ, ಗೊಂಸಾವಾ ಎಂಬ ಊರಿನ ಸಮೀಪದಲ್ಲಿ, ಒಂದು ಸರೋವರದ ದಡದ ಮೇಲೆ ಬಿಸ್ಕುಪಿನ್ ಗ್ರಾಮ ನೆಲೆಗೊಂಡಿದೆ.

ಈ ನಾಡಿನಲ್ಲಿ ಎತ್ತರವಾದ ಬೆಟ್ಟಗಳಿಲ್ಲ. ಹಾಗೆಂದು ಅದು ಅಂಗೈಯಂತೆ ಸಮತಟ್ಟಾದ ಬಯಲೂ ಅಲ್ಲ. ಅಲ್ಲಲ್ಲಿ ಸಣ್ಣ ದಿಣ್ಣೆಗಳು, ದಿಣ್ಣೆಗಳ ನಡುವೆ ತಗ್ಗುಗಳು, ತಗ್ಗುಗಳಲ್ಲಿ ನಿಂತ ನೀರು. ಇದೆಲ್ಲ ಹಿಮದ ಕೆಲಸ. ಸುಮಾರು ಇಪ್ಪತ್ತು ಸಾವಿರ ವರ್ಷಗಳಷ್ಟು ಹಿಂದೆ ಉತ್ತರದ ಸ್ಕ್ಯಾಂಡಿನೇವಿಯದ ಕಡೆಯಿಂದ ಹರಡಿಕೊಂಡ ಮಹಾಹಿಮರಾಶಿ ಈ ಪ್ರದೇಶವನ್ನೆಲ್ಲ ಮುಚ್ಚಿಕೊಂಡಿತ್ತು. ಕಾಲಕ್ರಮದಲ್ಲಿ ಅದು ಕರಗಿ ಹಿಂದಕ್ಕೆ ಸರಿಯುವಾಗ ತಾನು ಹೊತ್ತು ತಂದಿದ್ದ ಮಣ್ಣು, ಮರಳು, ಬಂಡೆಗಳನ್ನು ಅಲ್ಲಲ್ಲೇ ಬಿಟ್ಟಿತು. ಅದರ ಅಡಿಯಲ್ಲಿ ರಭಸದಿಂದ ಹರಿದ ನೀರು ಉದ್ದವಾದ ಕಾಲುವೆಗಳನ್ನು ಕೊರೆಯಿತು. ಅಂಥ ಒಂದು ಕಾಲುವೆಯಲ್ಲಿ ಇಂದು ಗೊಂಸಾವ್ಕಾ ಎಂಬ ಸಣ್ಣ ಹೊಳೆ ಉತ್ತರಾಭಿಮುಖವಾಗಿ ಹರಿಯುತ್ತದೆ. ದಾರದಲ್ಲಿ ಪೋಣಿಸಿದ ಮಣಿಗಳಂತೆ ಈ ಹೊಳೆಯ ಉದ್ದಕ್ಕೂ ಸರೋವರಗಳಿವೆ. ಬಿಸ್ಕುಪಿನ್ ಸರೋವರ ಅವುಗಳಲ್ಲೊಂದು. ಅದರ ವಿಸ್ತಾರ ಸುಮಾರು ಒಂದು ಚದರ ಕಿಲೋಮೀಟರು. ಹೊಳೆ ಮುಂದೆ ನೋಟೆಚ್ ನದಿಯನ್ನೂ, ನೋಟೆಚ್ ವಾರ್ಟಾ ನದಿಯನ್ನೂ, ವಾರ್ಟಾ ಓಡರ್ ನದಿಯನ್ನೂ ಸೇರಿ, ಆ ನೀರು ಕಟ್ಟಕಡೆಗೆ ಬಾಲ್ಟಿಕ್ ಸಮುದ್ರವನ್ನು ಮುಟ್ಟುತ್ತದೆ.

ಹಿಮವು ಬಿಟ್ಟುಹೋದ ಮಣ್ಣು ವ್ಯವಸಾಯಕ್ಕೆ ಅನುಕೂಲವಾದುದು. ಗೋಧಿ, ರೈ ಮೊದಲಾದ ಧಾನ್ಯಗಳೂ ಸಕ್ಕರೆ ತೆಗೆಯುವ ಬೀಟ್ ಗೆಡ್ಡೆಯೂ ಇಲ್ಲಿ ಬೆಳೆಯುತ್ತವೆ. ಬೀಟ್ ಗೆಡ್ಡೆಯನ್ನು ಝ್ನಿನ್ ಪಟ್ಟಣದ ಸಕ್ಕರೆ ಕಾರ್ಖಾನೆಗೆ ಸಾಗಿಸುವುದಕ್ಕಾಗಿ ೧೮೯೪ರಲ್ಲಿ ಪ್ರಾರಂಭವಾದ ಕಿರಿದಾದ ಹಳಿಗಳ ರೈಲುಮಾರ್ಗವೊಂದು ಈಗ ಯಾತ್ರಿಕರನ್ನು ಹೊತ್ತು ಝ್ನಿನ್‌ನಿಂದ ಬಿಸ್ಕುಪಿನ್ ಮಾರ್ಗವಾಗಿ ಗೊಂಸಾವಾವರೆಗೆ ಓಡಾಡುತ್ತದೆ. ಚಳಿಗಾಲದಲ್ಲಿ ಸರೋವರದ ಮೇಲುಭಾಗ ಹೆಪ್ಪುಗಟ್ಟುತ್ತದೆ. ನೀರು, ಮಣ್ಣು, ಚಳಿ ಈ ಮೂರನ್ನೂ ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇವುಗಳ ಮೇಲೆಯೇ ನಿಂತಿದೆ.

ಲಿಖಿತ ಚರಿತ್ರೆಯ ಕಾಲ

ಗ್ರಾಮದ ಹೆಸರೇ ಅದರ ಚರಿತ್ರೆಯ ಒಂದಂಶವನ್ನು ಹೇಳುತ್ತದೆ. ಪೋಲಿಷ್ ಭಾಷೆಯಲ್ಲಿ ‘ಬಿಸ್ಕುಪ್’ ಎಂದರೆ ಬಿಷಪ್ಪು. ಬಿಸ್ಕುಪಿನ್ ಎಂದರೆ ಬಿಷಪ್ಪನಿಗೆ ಸೇರಿದ ಊರು ಎಂದಾಗುತ್ತದೆ. ಇಲ್ಲಿಂದ ದಕ್ಷಿಣಕ್ಕೆ ಸುಮಾರು ೩೦ ಕಿಲೋಮೀಟರು ದೂರದಲ್ಲಿರುವ ಗ್ನೆಜ್ನೊ ಪೋಲೆಂಡಿನ ಅತ್ಯಂತ ಪ್ರಾಚೀನವಾದ ಧರ್ಮಪೀಠ. ೯೬೬ರಲ್ಲಿ ಪೋಲಿಷ್ ಅರಸನು ಕ್ರೈಸ್ತಮತವನ್ನು ಸ್ವೀಕರಿಸಿದನು. ೧೦೦೦ದಲ್ಲಿ ಗ್ನೆಜ್ನೊ ಆರ್ಚ್‌ಬಿಷಪ್ಪರ ಪೀಠವಾಯಿತು. ಝ್ನಿನ್ ಸುತ್ತಿನ ಹಳ್ಳಿಗಳು ಆ ಪೀಠಕ್ಕೆ ಉಂಬಳಿಯಾಗಿ ನಡೆದುಬಂದವು. ಪಕ್ಕದ ಗೊಂಸಾವಾದಲ್ಲಿ ೧೨೨೭ರಲ್ಲಿ ಪೋಲಿಷ್ ರಾಜವಂಶದವರು ರಾಜಕೀಯ ಸಮಾಲೋಚನೆಗಾಗಿ ನೆರೆದಿದ್ದರು. ಆಗ ಶ್ವೇತನೆಂದು ಬಿರುದುಳ್ಳ ಲೆಷೆಕ್ ಎಂಬ ಅರಸನು ಸ್ನಾನಗೃಹದಲ್ಲಿದ್ದ ಸಮಯವನ್ನು ನೋಡಿ ವೈರಿಗಳು ಮೇಲೆ ಬಿದ್ದರು. ಅವನು ಕುದುರೆಯೇರಿ ಪಲಾಯನ ಮಾಡಿದರೂ ಸಮೀಪದ ಮಾರ್ಚಿಂಕೊವೊ ಎಂಬಲ್ಲಿ ಹತನಾದನು. ಇಷ್ಟನ್ನು ಬಿಟ್ಟರೆ ಬಹು ಶತಮಾನಗಳ ಪರ್ಯಂತ ಈ ಸೀಮೆಯು ದೇಶದ ಚರಿತ್ರೆಯಲ್ಲಿ ಸದ್ದಿಲ್ಲದೆ ಬಾಳಿತು.

೧೭೭೨, ೧೭೯೩, ೧೭೯೫ ಈ ಮೂರು ವರ್ಷಗಳಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಪೋಲೆಂಡನ್ನು ಪಾಲುಮಾಡಿಕೊಂಡುವು. ದೇಶವೇ ಭೂಪಟದಿಂದ ಅಳಿಸಿಹೋಯಿತು. ಪಾವೂಕಿ ಸೀಮೆ ಪ್ರಷ್ಯಾದ ಪಾಲಿಗೆ ಬಂದಿತು. ಆಳುವವರ ಭಾಷೆ ಜರ್ಮನ್. ಆಳಿಸಿಕೊಳ್ಳುವವರ ಭಾಷೆ ಪೋಲಿಷ್. ಶಾಲೆಗಳಲ್ಲಿ ಮಕ್ಕಳಿಗೆ ಮಾತೃಭಾಷೆ ಕ್ರಮಕ್ರಮವಾಗಿ ನಿಷಿದ್ಧವಾಯಿತು. ೧೯೦೧ರಲ್ಲಿ ಇದೇ ಪ್ರಾಂತಕ್ಕೆ ಸೇರಿದ ವ್ರ್ಜೆಶ್ನ್ಯಾ ಎಂಬ ಪಟ್ಟಣದ ಶಾಲಾಬಾಲಕರು ಧರ್ಮಪಾಠವನ್ನು ಜರ್ಮನ್ ಭಾಷೆಯಲ್ಲಿ ಒಪ್ಪಿಸಲಾರೆವೆಂದು ನಿಂತುದಕ್ಕಾಗಿ ಬೆತ್ತದ ಏಟು ತಿಂದರು. ಆ ಸುದ್ದಿ ಯೂರೋಪಿನಲ್ಲೆಲ್ಲ ಹಬ್ಬಿತು. ೧೯೧೮ರ ಡಿಸೆಂಬರಿನಲ್ಲಿ ಈ ಪ್ರಾಂತದ ಪೋಲಿಷ್ ಜನರು ದಂಗೆಯೆದ್ದರು. ೧೯೧೯ರ ವರ್ಸೇಲ್ಸ್ ಕೌಲಿನಿಂದ ಸೀಮೆಯು ಪುನರ್ಜನ್ಮ ಪಡೆದ ಪೋಲೆಂಡಿಗೆ ಸೇರಿತು. ಆದರೆ ಜರ್ಮನಿಯ ಗಡಿ ಇಲ್ಲಿಗೆ ದೂರವಿರಲಿಲ್ಲ. ಈ ನೆಲ ನಿಜವಾಗಿ ಯಾರದು ಎಂಬ ಪ್ರಶ್ನೆಯು ಎರಡೂ ಕಡೆ ಜನರ ಮನಸ್ಸಿನಲ್ಲಿ ಹೊಗೆಯಾಡುತ್ತಲೇ ಇತ್ತು.

ಉಪಾಧ್ಯಾಯರ ಶೋಧ

೧೯೩೩ರಲ್ಲಿ ಬಿಸ್ಕುಪಿನ್ ಗ್ರಾಮದ ಶಾಲೆಯಲ್ಲಿ ವಲೆಂಟಿ ಷ್ವೈಟ್ಸರ್ ಎಂಬ ಉಪಾಧ್ಯಾಯರಿದ್ದರು. ಆ ಕಾಲಕ್ಕೆ ಸರೋವರದ ನೀರಿನ ಮಟ್ಟ ಇಳಿದಿತ್ತು. ದಡದಿಂದ ನೀರಿನೊಳಕ್ಕೆ ಚಾಚಿಕೊಂಡಿದ್ದ ಜೌಗುನೆಲದಲ್ಲಿಯೂ ಅದರ ಅಂಚಿನ ನೀರಿನಲ್ಲಿಯೂ ಓರೆಯಾಗಿ ನೆಟ್ಟ ಮರದ ಗೂಟಗಳ ತುದಿಗಳು ಕಾಣಿಸಿಕೊಂಡುವು. ಹಳ್ಳಿಗರಿಗೆ ಇದು ಹೊಸದೇನಲ್ಲ. ಜೌಗುಮಣ್ಣನ್ನು ಅಗೆಯುವಾಗ ಮರದ ತುಂಡುಗಳೂ ಮಡಕೆಯ ಚೂರುಗಳೂ ಸಿಕ್ಕುತ್ತಿದ್ದುವು. ವಿದ್ಯಾರ್ಥಿಗಳ ಬಾಯಿಂದ ಈ ಸಂಗತಿಯನ್ನು ಕೇಳಿದ ಉಪಾಧ್ಯಾಯರು ಸ್ಥಳಕ್ಕೆ ಹೋಗಿ ನೋಡಿದರು. ಗೂಟಗಳು ಮನಸ್ಸಿಗೆ ಬಂದಂತೆ ಬಿದ್ದಿರಲಿಲ್ಲ. ಯಾರೋ ಯೋಚಿಸಿ, ಅಳೆದು, ಸಾಲಾಗಿ ನೆಟ್ಟಂತಿದ್ದುವು. ಸ್ಥಳೀಯ ಅಧಿಕಾರಿಗಳಿಗೆ ತಿಳಿಸಿದ್ದರಿಂದ ಪ್ರಯೋಜನವಾಗಲಿಲ್ಲ. ಅವರು ಅಷ್ಟಕ್ಕೇ ಬಿಡದೆ ಪೊಜ್ನಾನಿನ ವಿದ್ವಾಂಸರಿಗೆ ಸಮಾಚಾರವನ್ನು ಮುಟ್ಟಿಸಿದರು.

ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಪ್ರಾಕ್ತನಶಾಸ್ತ್ರದ ಆಚಾರ್ಯರಾಗಿದ್ದ ಯೂಜೆಫ್ ಕೊಸ್ಟ್‌ಶೆವ್‌ಸ್ಕಿಯವರು ಬಂದು ನೋಡಿದರು. ೧೯೩೪ರಲ್ಲಿ ಅವರ ಮತ್ತು ಅವರ ಶಿಷ್ಯ ಜ್ಡಿಸ್ಲಾವ್ ರಾಯೆವ್‌ಸ್ಕಿಯವರ ನೇತೃತ್ವದಲ್ಲಿ ಉತ್ಖನನ ಮೊದಲಾಯಿತು. ಮೇಲಿನಿಂದ ಛಾಯಾಚಿತ್ರಗಳನ್ನು ತೆಗೆಯಲು ಹಗ್ಗ ಕಟ್ಟಿದ ಬೆಲೂನನ್ನು ಹಾರಿಸಿದರು. ಸಸ್ಯಶಾಸ್ತ್ರಜ್ಞರು, ಪ್ರಾಣಿಶಾಸ್ತ್ರಜ್ಞರು, ಭೂಗರ್ಭಶಾಸ್ತ್ರಜ್ಞರು ಒಂದೇ ಸ್ಥಳದಲ್ಲಿ ಕೂಡಿ ಕೆಲಸಮಾಡಿದರು. ೧೯೩೯ರ ಆರಂಭದೊಳಗೆ ಸುಮಾರು ೨,೫೦೦ ಚದರ ಮೀಟರಿನಷ್ಟು ನೆಲವನ್ನು ತೆರೆದದ್ದಾಯಿತು.

ಕೆಸರಿನ ಕೆಳಗಿನ ಊರು

ಆ ಜೌಗುನೆಲವು ಪೂರ್ವಕಾಲದಲ್ಲಿ ಸರೋವರದ ನಡುವಿನ ದ್ವೀಪವಾಗಿತ್ತು. ವಿಸ್ತಾರ ಸುಮಾರು ಎರಡು ಹೆಕ್ಟೇರು. ಈ ದ್ವೀಪದ ಮೇಲೆ ಒಂದು ಸಮಗ್ರವಾದ ಊರೇ ಇತ್ತೆಂದು ಉತ್ಖನನದಿಂದ ವಿದಿತವಾಯಿತು. ಊರಿನ ಸುತ್ತ ಸುಮಾರು ೪೬೦ ಮೀಟರು ಉದ್ದದ ಕೋಟೆ. ಅದು ಕಲ್ಲಿನದಲ್ಲ, ಓಕ್ ಮರದ ದಿಮ್ಮಿಗಳನ್ನು ಪೆಟ್ಟಿಗೆಯಂತೆ ಜೋಡಿಸಿ, ಒಳಗೆ ಮಣ್ಣನ್ನು ತುಂಬಿ ಎಬ್ಬಿಸಿದ ಗೋಡೆ. ಕೋಟೆಯ ಹೊರಗೆ ನೀರಿನೊಳಗೆ ಓರೆಯಾಗಿ ನೆಟ್ಟ ಸಹಸ್ರಾರು ಗೂಟಗಳ ಸಾಲುಗಳು. ಅಲೆಗಳೂ ಚಳಿಗಾಲದ ಹಿಮದ ಹಲಗೆಗಳೂ ಬಂದು ಗೋಡೆಯನ್ನು ಅಪ್ಪಳಿಸದಂತೆ ಇವು ತಡೆಯುತ್ತಿದ್ದುವು; ಶತ್ರುಗಳ ದೋಣಿಗಳಿಗೂ ಇವು ಅಡ್ಡಿಯೇ. ಉಪಾಧ್ಯಾಯರ ಕಣ್ಣಿಗೆ ಬಿದ್ದ ಗೂಟಗಳು ಇವೇ. ಕೋಟೆಗೆ ಬಾಗಿಲು ಒಂದೇ. ಅಲ್ಲಿಂದ ದಡಕ್ಕೆ ಮರದ ಸೇತುವೆ.

ಒಳಗೆ ಹದಿಮೂರು ಸಾಲುಗಳಲ್ಲಿ ನೂರಕ್ಕೂ ಮಿಕ್ಕ ಮನೆಗಳು. ಸಾಲುಗಳ ನಡುವೆ ಸಮಾನಾಂತರವಾಗಿ ಹನ್ನೊಂದು ಬೀದಿಗಳು. ಕೋಟೆಯ ಒಳಮೈಯನ್ನು ಅನುಸರಿಸಿ ಸುತ್ತುವ ಒಂದು ಬಳಸುದಾರಿ. ಜೌಗಿನಲ್ಲಿ ಕಾಲು ಹೂಳದಂತೆ ಎಲ್ಲ ಬೀದಿಗಳಿಗೂ ದಿಮ್ಮಿಗಳನ್ನು ಹಾಸಲಾಗಿತ್ತು. ಒಂದೊಂದು ಮನೆಯ ಅಳತೆ ಹೆಚ್ಚುಕಡಿಮೆ ೮ ಮೀಟರಿಗೆ ೧೦ ಮೀಟರು. ನೆಟ್ಟ ಕಂಬಗಳಲ್ಲಿ ಗಾಡಿ ಕೊರೆದು, ಅಡ್ಡದಿಮ್ಮಿಗಳ ತುದಿಗಳನ್ನು ಅದರಲ್ಲಿ ಇಳಿಸಿ ಗೋಡೆಯನ್ನು ಕೂಡಿಸಿದ್ದರು. ಮುಂದೆ ಒಂದು ಮೊಗಸಾಲೆ, ಒಳಗೆ ಒಂದು ದೊಡ್ಡ ಕೋಣೆ, ಅದರಲ್ಲಿ ಕಲ್ಲು ಹಾಸಿದ ಒಲೆ. ಎಲ್ಲ ಮನೆಗಳೂ ಒಂದೇ ಪ್ರಮಾಣ, ಒಂದೇ ವಿನ್ಯಾಸ. ಒಡೆಯನ ಅರಮನೆಯೆಂದು ಬೆರಳು ತೋರಿಸಬಹುದಾದ ಒಂದು ಕಟ್ಟಡವೂ ಇಲ್ಲ. ಇಷ್ಟು ಕ್ರಮವಾದ ಊರನ್ನು ಕಟ್ಟಿಸಿದ ಆಜ್ಞೆ ಒಬ್ಬ ಅರಸನದೋ, ಊರ ಹಿರಿಯರ ಕೂಟದ್ದೋ ಎಂಬುದನ್ನು ಕಟ್ಟಡಗಳು ಹೇಳುವುದಿಲ್ಲ. ಅಲ್ಲಿ ಎಂಟುನೂರರಿಂದ ಒಂದು ಸಾವಿರ ಜನ ವಾಸವಾಗಿದ್ದಿರಬಹುದೆಂದು ವಿದ್ವಾಂಸರ ಊಹೆ.

ಆ ಜನರು ದನ, ಹಂದಿ, ಕುರಿ, ಆಡು, ಕುದುರೆಗಳನ್ನು ಸಾಕುತ್ತಿದ್ದರು. ದಡದ ಹೊಲಗಳಲ್ಲಿ ಗೋಧಿ, ಬಾರ್ಲಿ, ಅವರೆಯ ಜಾತಿಯ ಕಾಳುಗಳು ಇವುಗಳನ್ನೂ, ಕನ್ನಡಿಗರಿಗೆ ಪರಿಚಿತವಾದ ಬರಗನ್ನೂ ಬೆಳೆಯುತ್ತಿದ್ದರು. ಕಂಚನ್ನು ಎರಕ ಹೊಯ್ಯಬಲ್ಲವರಾಗಿದ್ದರು. ಕಬ್ಬಿಣ ಆಗತಾನೆ ಬಳಕೆಗೆ ಬರುತ್ತಿತ್ತು. ಎಲುಬು, ಜಿಂಕೆಯ ಕೊಂಬು, ಮರ ಇವುಗಳಿಂದ ಮಾಡಿದ ಸಾಮಾನುಗಳು ಹೇರಳವಾಗಿ ದೊರೆತಿವೆ. ಇವರದು ಪ್ರಾಕ್ತನಶಾಸ್ತ್ರಜ್ಞರು ಲುಸೇಷಿಯನ್ ಎಂದು ಕರೆಯುವ ಸಂಸ್ಕೃತಿ. ಈ ಸಂಸ್ಕೃತಿಯವರು ಸತ್ತವರನ್ನು ದಹಿಸಿ ಬೂದಿಯನ್ನು ಮಣ್ಣಿನ ಕುಂಭಗಳಲ್ಲಿಟ್ಟು ಹೂಳುತ್ತಿದ್ದರು. ಅವರಿಗೆ ಬರೆಹವಿರಲಿಲ್ಲ. ಶಾಸನವಿಲ್ಲ, ನಾಣ್ಯವಿಲ್ಲ, ಅರಸನ ಹೆಸರಿಲ್ಲ, ದೇವರ ಹೆಸರಿಲ್ಲ. ಅವರು ತಮ್ಮ ಊರನ್ನು ಏನೆಂದು ಕರೆಯುತ್ತಿದ್ದರೆಂಬುದೂ ಇಲ್ಲ.

ಅವರು ಊರನ್ನು ಏಕೆ ಬಿಟ್ಟರು? ಪೂರ್ವದಿಕ್ಕಿನ ಹುಲ್ಲುಗಾಡಿನಿಂದ ಬಂದ ಸಿಥಿಯನ್ ಕುದುರೆಸವಾರರು ಸುಟ್ಟುಹಾಕಿದರೆಂದು ಮೊದಮೊದಲು ಕೆಲವರು ಭಾವಿಸಿದ್ದರು. ಈಗ ಸರೋವರದ ನೀರು ಏರಿದುದಕ್ಕೇ ಹೆಚ್ಚು ಪ್ರಾಮುಖ್ಯ ಕೊಡುತ್ತಾರೆ. ಊರನ್ನು ಒಮ್ಮೆ ಪುನಃ ಕಟ್ಟಿದ್ದರ ಕುರುಹುಗಳಿವೆ. ಎರಡನೆಯ ಸಲ ಓಕ್ ಮರ ಕಡಿಮೆಯಾಗಿ ಪೈನ್ ಮರ ಹೆಚ್ಚಾಗಿದೆ. ಹೀಗೆ ಯಾವ ನೀರು ಅವರನ್ನು ಶತ್ರುಗಳಿಂದ ಕಾಪಾಡಿತ್ತೋ ಅದೇ ನೀರು ಅವರನ್ನು ಹೊರಡಿಸಿರಬೇಕು. ಮೂರನೆಯದಾಗಿ, ಅದೇ ನೀರು ಮತ್ತು ಕೆಸರು ಗಾಳಿಯನ್ನು ಒಳಗೆ ಬಿಡದೆ, ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಎಡೆಗೊಡದೆ, ಅವರ ಮರಗಳನ್ನು ಎರಡು ಸಾವಿರದ ಆರುನೂರು ವರ್ಷಗಳಿಗೂ ಮೇಲ್ಪಟ್ಟು ಕೆಡದಂತೆ ಇಟ್ಟಿತು.

ಎರಡು ಪಕ್ಷಗಳ ವಾದ

ಈ ಊರು ಬೆಳಕಿಗೆ ಬಂದ ಕಾಲವನ್ನು ಲಕ್ಷಿಸಬೇಕು. ಉಪಾಧ್ಯಾಯರು ಗೂಟಗಳನ್ನು ಕಂಡ ೧೯೩೩ರಲ್ಲಿಯೇ ಜರ್ಮನಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಅದಕ್ಕೆ ಮೊದಲೇ ಗುಸ್ಟಾಫ್ ಕೊಸಿನ್ನಾ ಎಂಬ ಜರ್ಮನ್ ಪಂಡಿತನು ಒಂದು ಸಿದ್ಧಾಂತವನ್ನು ಪ್ರತಿಪಾದಿಸಿದ್ದನು. ಒಂದು ಬಗೆಯ ಮಡಕೆ, ಒಂದು ಬಗೆಯ ಆಭರಣ, ಒಂದು ಬಗೆಯ ಶವಸಂಸ್ಕಾರ ಇವು ಎಲ್ಲಿಯವರೆಗೆ ಹಬ್ಬಿವೆಯೋ ಅಲ್ಲಿಯವರೆಗೆ ಒಂದೇ ಜನಾಂಗ ವಾಸಿಸುತ್ತಿತ್ತೆಂಬುದು ಅದರ ತಿರುಳು. ಈ ಮಾರ್ಗವನ್ನು ಹಿಡಿದು, ಪೋಲೆಂಡಿನ ವಿಸ್ತುಲಾ ನದಿಯ ತೀರವು ಅನಾದಿಯಿಂದ ಜರ್ಮಾನಿಕ್ ಜನರ ಭೂಮಿಯೆಂದು ಅವನು ೧೯೧೯ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದನು.

ಕೊಸ್ಟ್‌ಶೆವ್‌ಸ್ಕಿಯವರು ಬರ್ಲಿನಿನಲ್ಲಿ ಇದೇ ಕೊಸಿನ್ನಾನ ಶಿಷ್ಯರಾಗಿದ್ದವರು. ಗುರುವಿನ ನಿರ್ಣಯವನ್ನು ಅವರು ತಿರಸ್ಕರಿಸಿದರು. ಆದರೆ ಗುರುವಿನ ತರ್ಕವನ್ನು ಬಿಡಲಿಲ್ಲ. ಲುಸೇಷಿಯನ್ ಸಂಸ್ಕೃತಿಯ ಜನರೇ ಸ್ಲಾವ್ ಜನರ ಪೂರ್ವಿಕರು, ಆದುದರಿಂದ ಈ ಭೂಮಿ ಅನಾದಿಯಿಂದ ಪೋಲಿಷ್ ಜನರದು ಎಂಬುದು ಅವರ ಪಕ್ಷ. ಬಿಸ್ಕುಪಿನ್ ಆ ಪಕ್ಷಕ್ಕೆ ಮೂರ್ತಿವತ್ತಾದ ನಿದರ್ಶನವಾಯಿತು. ಪತ್ರಿಕೆಗಳು ಅದನ್ನು ಪೋಲೆಂಡಿನ ಪಾಂಪೈ ಎಂದು ಕೊಂಡಾಡಿದುವು. ಮಂತ್ರಿಗಳು, ಸೇನಾನಿಗಳು, ದೇಶದ ಪ್ರಧಾನ ಧರ್ಮಗುರುಗಳು ಬಂದು ನೋಡಿದರು. ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ದೇಶವನ್ನೇ ಕಳೆದುಕೊಂಡಿದ್ದ ಜನರು, ತಮ್ಮ ಪೂರ್ವಿಕರು ಇಂಥ ಕೋಟೆ ಕಟ್ಟಿದ್ದರೆಂದು ಕೇಳಿ ಹಿಗ್ಗಿದುದು ಸ್ವಾಭಾವಿಕ.

೧೯೩೯ರ ಸೆಪ್ಟೆಂಬರಿನಲ್ಲಿ ಜರ್ಮನಿ ಪೋಲೆಂಡಿನ ಮೇಲೆ ದಂಡೆತ್ತಿ ಬಂದಿತು. ಪಾವೂಕಿ ಸೀಮೆಯನ್ನು ನೇರವಾಗಿ ಜರ್ಮನಿಗೆ ಸೇರಿಸಿಕೊಂಡರು. ಪೊಜ್ನಾನ್ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿತು. ಕೊಸ್ಟ್‌ಶೆವ್‌ಸ್ಕಿಯವರು ಹೆಸರು ಮರೆಸಿಕೊಂಡು ತಲೆತಪ್ಪಿಸಿಕೊಂಡಿರಬೇಕಾಯಿತು. ಬಿಸ್ಕುಪಿನ್ ಎಂಬ ಹೆಸರನ್ನೂ ಅಳಿಸಿ ಊರ್‌ಷ್ಟೆಟ್ ಎಂದು ಕರೆದರು. ಆದಿಪುರ ಎಂಬ ಅರ್ಥ ಬರುವಂತೆ ಕಟ್ಟಿದ ಪದವದು. ನಾಟ್ಸಿ ಪಕ್ಷದ ಎಸ್.ಎಸ್. ದಳದ ಅಂಗವಾದ, ‘ಪಿತೃದಾಯ’ ಎಂಬ ಅರ್ಥವುಳ್ಳ ಆನೆನೆರ್ಬೆ ಎಂಬ ಸಂಸ್ಥೆಯು ೧೯೪೦ರಿಂದ ೧೯೪೨ರವರೆಗೆ ಹಾನ್ಸ್ ಷ್ಲೈಫ್ ಎಂಬ ವಾಸ್ತುಶಿಲ್ಪಿಯ ಮೇಲ್ವಿಚಾರಣೆಯಲ್ಲಿ ಇಲ್ಲಿ ಅಗೆಯಿಸಿತು. ಅದೇ ದಿಮ್ಮಿಗಳು, ಅದೇ ಬೀದಿಗಳು; ಆದರೆ ಈಗ ಅವು ಜರ್ಮಾನಿಕ್ ಜನರ ಹಿರಿಮೆಗೆ ಸಾಕ್ಷಿ ನುಡಿಯಬೇಕಾಯಿತು. ಲುಸೇಷಿಯನ್ ಜನರ ಕೋಟೆಯನ್ನು ಜರ್ಮಾನಿಕ್ ಜನರು ಗೆದ್ದುಕೊಂಡರೆಂದು ಕಥೆ ಕಟ್ಟಲಾಯಿತು. ಇದು ಪಂಡಿತರ ಕೋಣೆಯೊಳಗಿನ ಮಾತಾಗಿ ಉಳಿದಿದ್ದರೆ ನಕ್ಕು ಬಿಡಬಹುದಿತ್ತು. ಇದೇ ಅವಧಿಯಲ್ಲಿ, ಈ ಭೂಮಿ ಮೊದಲಿಂದ ನಮ್ಮದೆಂಬ ನೆಪದ ಮೇಲೆ, ಈ ಪ್ರಾಂತದ ಲಕ್ಷಗಟ್ಟಲೆ ಪೋಲಿಷ್ ಜನರನ್ನು ಮನೆಮಠಗಳಿಂದ ಎಬ್ಬಿಸಿ ಹೊರಗಟ್ಟಿದರು. ಅವರು ಬಿಟ್ಟ ಮನೆಗಳಲ್ಲಿ ಜರ್ಮನರನ್ನು ತಂದು ಕೂರಿಸಿದರು.

ಸೋತು ಹಿಂದಿರುಗುವಾಗ ಜರ್ಮನರು ಉತ್ಖನನಸ್ಥಳಕ್ಕೆ ನೀರು ನುಗ್ಗಿಸಿದರು. ಹಾಳುಮಾಡುವುದೇ ಅವರ ಉದ್ದೇಶವಾಗಿತ್ತೆಂದು ಹೇಳುತ್ತಾರೆ. ಆದರೆ ನೀರು ಮರಗಳಿಗೆ ಶತ್ರುವಲ್ಲವೆಂಬುದನ್ನು ಮೇಲೆಯೇ ಹೇಳಿದೆ. ಅದು ಈ ಸಲವೂ ಅವುಗಳನ್ನು ಕಾಪಾಡಿತು. ಯುದ್ಧಾನಂತರ ಪೋಲಿಷ್ ವಿದ್ವಾಂಸರು ಬಂದು ೧೯೭೪ರವರೆಗೆ ಅಗೆತವನ್ನು ಮುಂದುವರಿಸಿದರು. ಯುದ್ಧದ ತರುವಾಯ ಪೋಲೆಂಡಿನ ಗಡಿ ಪಶ್ಚಿಮಕ್ಕೆ ಸರಿದಾಗ, ಅಲ್ಲಿಂದ ಹೊರಬೀಳಬೇಕಾದ ಸರದಿ ಲಕ್ಷಾಂತರ ಜರ್ಮನರದಾಯಿತು. ಆಗಲೂ ಈ ಭೂಮಿ ಪೂರ್ವದಿಂದ ಸ್ಲಾವರದೆಂಬ ಮಾತು ಬಳಕೆಯಲ್ಲಿತ್ತು.

ವಾದದ ದೋಷ

ಎರಡು ಪಕ್ಷಗಳ ನಡತೆಯನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು. ಒಂದು ಪಕ್ಷ ಆಕ್ರಮಣ ಮಾಡಿತು, ಇನ್ನೊಂದು ಆಕ್ರಮಣಕ್ಕೆ ತುತ್ತಾಯಿತು. ಆದರೆ ಅವರ ತರ್ಕವನ್ನು ಮಾತ್ರ ಪರೀಕ್ಷಿಸಿದರೆ ಎರಡರಲ್ಲಿಯೂ ದೋಷ ಒಂದೇ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಸಾಧುವಾದ ಅನುಮಾನ. ಏಕೆಂದರೆ ಬೆಂಕಿಯಿಲ್ಲದೆ ಹೊಗೆಯಿಲ್ಲ ಎಂಬ ವ್ಯಾಪ್ತಿ ಸಿದ್ಧವಾಗಿದೆ. ಮಡಕೆಯನ್ನು ಕಂಡು ಮಾತನ್ನು ಊಹಿಸುವುದಕ್ಕೆ ಅಂಥ ವ್ಯಾಪ್ತಿಯಿಲ್ಲ. ಮಡಕೆಯನ್ನು ಸಂತೆಯಲ್ಲಿ ಕೊಳ್ಳಬಹುದು. ಬೇರೆ ಮಾತಿನ ನೆರೆಯವರನ್ನು ನೋಡಿ ಕಲಿಯಬಹುದು. ಮದುವೆಯಾಗಿ ಬಂದ ಸೊಸೆ ತವರಿನ ಕೈಚಳಕವನ್ನು ಜತೆಯಲ್ಲೇ ತರಬಹುದು. ಒಂದೇ ಭಾಷೆಯವರು ಬೇರೆ ಬೇರೆ ಪಾತ್ರೆಗಳಲ್ಲಿ ಉಣ್ಣುವುದೂ, ಬೇರೆ ಬೇರೆ ಭಾಷೆಯವರು ಒಂದೇ ಬಗೆಯ ಪಾತ್ರೆಯಲ್ಲಿ ಉಣ್ಣುವುದೂ ಲೋಕದಲ್ಲಿ ಕಂಡದ್ದೇ. ಹೇತುವೇ ಸಡಿಲವಾದ ಮೇಲೆ ಅದರ ಮೇಲೆ ನಿಲ್ಲಿಸಿದ ನಿರ್ಣಯ ಹೇಗೆ ನಿಂತೀತು?

ಕಾಲದ ಅಂತರವನ್ನೂ ಗಮನಿಸಬೇಕು. ರೋಮನ್ ಇತಿಹಾಸಕಾರ ಟ್ಯಾಸಿಟಸನು ಜರ್ಮಾನಿಕ್ ಜನರ ವಿಷಯವಾಗಿ ತನ್ನ ಗ್ರಂಥವನ್ನು ಬರೆದುದು ಕ್ರಿಸ್ತಶಕ ೯೮ರ ಸುಮಾರಿನಲ್ಲಿ. ಸ್ಲಾವ್ ಜನರ ಹೆಸರು ಗ್ರಂಥಗಳಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಕ್ರಿಸ್ತಶಕ ಆರನೆಯ ಶತಮಾನದಲ್ಲಿ. ಬಿಸ್ಕುಪಿನ್ನಿನ ಕೋಟೆ ಇವೆರಡಕ್ಕೂ ಎಷ್ಟೋ ಶತಮಾನಗಳಷ್ಟು ಹಿಂದಿನದು. ಆ ಕೋಟೆಯಲ್ಲಿ ತಾಯಂದಿರು ಮಕ್ಕಳಿಗೆ ಯಾವ ಭಾಷೆಯಲ್ಲಿ ಜೋಗುಳ ಹಾಡಿದರೆಂಬುದನ್ನು ಹೇಳಬಲ್ಲ ಪ್ರಮಾಣ ಒಂದೂ ಉಳಿದಿಲ್ಲ. ಲುಸೇಷಿಯನ್ ಸಂಸ್ಕೃತಿಗೆ ಇಂದಿನ ಯಾವುದೊಂದು ಜನಾಂಗದ ಹೆಸರನ್ನೂ ಅಂಟಿಸಲಾಗದೆಂಬುದು ಈಗಿನ ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾಗಿರುವ ಮಾತು.

ಮರದ ಸಾಕ್ಷ್ಯ

ಪಕ್ಷಗಳೆರಡೂ ಮರಗಳನ್ನು ಕೇಳಿದ ಪ್ರಶ್ನೆ, ‘ನೀವು ಯಾರವರು?’ ಎಂದು. ಮರಗಳು ಅದಕ್ಕೆ ಉತ್ತರ ಕೊಡಲಾರವು. ‘ನಿಮ್ಮನ್ನು ಕಡಿದುದು ಯಾವಾಗ?’ ಎಂದು ಕೇಳಿದ್ದರೆ ಅವು ಉತ್ತರ ಕೊಡಲು ಸಿದ್ಧವಾಗಿದ್ದುವು. ಆ ಪ್ರಶ್ನೆಯನ್ನು ಸರಿಯಾಗಿ ಕೇಳುವ ವಿದ್ಯೆ ಒದಗಲು ಬಹುಕಾಲ ಹಿಡಿಯಿತು.

ಚಳಿ ದೇಶದ ಮರ ವರ್ಷಕ್ಕೊಂದು ವಲಯದಂತೆ ಬೆಳೆಯುತ್ತದೆ. ವಸಂತದಲ್ಲಿ ಬೆಳೆದ ಭಾಗ ಸಡಿಲ. ಬೇಸಗೆಯ ಕೊನೆಯದು ಬಿಗಿ. ಚಳಿಗಾಲದಲ್ಲಿ ಬೆಳವಣಿಗೆಯೇ ಇಲ್ಲ. ಅನುಕೂಲವಾದ ವರ್ಷದ ವಲಯ ಅಗಲವಾಗಿಯೂ ಪ್ರತಿಕೂಲವಾದ ವರ್ಷದ್ದು ಕಿರಿದಾಗಿಯೂ ಇರುತ್ತದೆ. ಒಂದು ಸೀಮೆಯ ಓಕ್ ಮರಗಳೆಲ್ಲ ಒಂದೇ ಹವೆಯನ್ನು ಅನುಭವಿಸುವುದರಿಂದ ಅವುಗಳ ವಲಯಗಳ ಅನುಕ್ರಮವೂ ಹೊಂದಿಕೊಳ್ಳುತ್ತದೆ. ಈಗ ಬದುಕಿರುವ ಮರದಿಂದ ತೊಡಗಿ, ಹಳೆಯ ಮನೆಗಳ ತೊಲೆ, ಇಗರ್ಜಿಗಳ ಜಂತೆ, ಜೌಗಿನಲ್ಲಿ ಹೂತ ಬೊಡ್ಡೆ ಹೀಗೆ ಒಂದರ ಆದಿಗೆ ಇನ್ನೊಂದರ ಅಂತ್ಯವನ್ನು ಜೋಡಿಸುತ್ತ ಹೋದರೆ ಸಾವಿರಾರು ವರ್ಷಗಳ ಒಂದು ಪಂಚಾಂಗವೇ ಸಿದ್ಧವಾಗುತ್ತದೆ. ಕಾಲ ತಿಳಿಯದ ದಿಮ್ಮಿಯನ್ನು ಈ ಪಂಚಾಂಗದ ಪಕ್ಕದಲ್ಲಿಟ್ಟು, ಎಲ್ಲಿ ಹೊಂದುತ್ತದೆಯೋ ನೋಡಿದರೆ ಅದರ ವರ್ಷ ದೊರಕುತ್ತದೆ. ತೊಗಟೆಯ ಕೆಳಗಿನ ಕಡೆಯ ವಲಯ ಪೂರ್ಣವಾಗಿದ್ದರೆ, ಬೆಳವಣಿಗೆ ನಿಂತ ಚಳಿಗಾಲದಲ್ಲಿ ಅದನ್ನು ಕಡಿದರೆಂದೂ ಹೇಳಬಹುದು.

ಬಿಸ್ಕುಪಿನ್ನಿನ ಓಕ್ ದಿಮ್ಮಿಗಳನ್ನು ಹೀಗೆ ಪರೀಕ್ಷಿಸಿದ ಫಲ ೧೯೯೦ರ ದಶಕದ ಆದಿಭಾಗದಲ್ಲಿ ಪ್ರಕಟವಾಯಿತು. ಮರಗಳನ್ನು ಕಡಿದುದು ಕ್ರಿಸ್ತಪೂರ್ವ ೭೪೭ರಿಂದ ೭೨೨ರೊಳಗೆ. ಅದರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮರಗಳು ಒಂದೇ ಚಳಿಗಾಲದಲ್ಲಿ, ಕ್ರಿಸ್ತಪೂರ್ವ ೭೩೮-೭೩೭ರ ಚಳಿಗಾಲದಲ್ಲಿ ಉರುಳಿದಂಥವು. ಕೋಟೆಯು ಕ್ರಿಸ್ತಪೂರ್ವ ೫೫೦ಕ್ಕೆ ಈಚಿನದೆಂದು ಅದುವರೆಗೆ ಬಹುಜನ ನಂಬಿದ್ದರು. ಸುಮಾರು ಇನ್ನೂರು ವರ್ಷಗಳ ತಪ್ಪು ಇದರಿಂದ ಪರಿಹಾರವಾಯಿತು. ರೋಮ್ ನಗರ ಸ್ಥಾಪಿತವಾದುದು ಕ್ರಿಸ್ತಪೂರ್ವ ೭೫೩ರಲ್ಲಿ ಎಂಬ ಐತಿಹ್ಯವುಂಟಷ್ಟೆ. ಆ ಐತಿಹ್ಯಕ್ಕೆ ಕವಿಗಳೂ ಇತಿಹಾಸಕಾರರೂ ಇದ್ದಾರೆ, ಪ್ರತ್ಯಕ್ಷ ಪ್ರಮಾಣವಿಲ್ಲ. ಅದೇ ಕಾಲಕ್ಕೆ ಸೇರಿದ ಹೆಸರಿಲ್ಲದ ಈ ಊರಿಗೆ ಕವಿಯೂ ಇಲ್ಲ, ಇತಿಹಾಸಕಾರನೂ ಇಲ್ಲ. ಆದರೆ ಅದರ ಮರಗಳನ್ನು ಕಡಿದ ಋತು ಸಹ ಸಂದೇಹಕ್ಕೆಡೆಯಿಲ್ಲದಂತೆ ತಿಳಿದಿದೆ.

ಈ ಒಂದು ಸಂಗತಿಯಿಂದ ಎಷ್ಟೋ ವಿಷಯಗಳು ಹೊರಡುತ್ತವೆ. ಒಂದೇ ಚಳಿಗಾಲದಲ್ಲಿ ಅಷ್ಟೊಂದು ಮರ ಕಡಿದರೆಂದ ಮೇಲೆ ಊರು ಕಾಲಕ್ರಮದಲ್ಲಿ ತಾನಾಗಿ ಬೆಳೆದುದಲ್ಲ. ಮೊದಲೇ ನಿಶ್ಚಯಿಸಿ, ನೂರಾರು ಜನ ಕೂಡಿ, ಒಂದು ಸಂಕಲ್ಪದಿಂದ ಕಟ್ಟಿದುದು. ಹೊಲದ ಕೆಲಸವಿಲ್ಲದ ತಿಂಗಳುಗಳನ್ನು ಅವರು ಇದಕ್ಕೆ ಆರಿಸಿಕೊಂಡರು. ನೀರು ಹೆಪ್ಪುಗಟ್ಟಿದಾಗ ದಿಮ್ಮಿಗಳನ್ನು ಅದರ ಮೇಲೆ ದ್ವೀಪದವರೆಗೆ ಜಾರಿಸಿಕೊಂಡು ಹೋಗುವುದೂ ಸುಲಭವಾಗಿದ್ದಿರಬೇಕು. ಯಾವ ಭಯ ಅವರನ್ನು ನೀರಿನ ನಡುವೆ ಒಟ್ಟುಗೂಡಿಸಿತೋ ತಿಳಿಯದು. ಆ ಚಳಿಯಲ್ಲಿ ಕೊಡಲಿ ಹಿಡಿದು ನಿಂತ ಜನರ ಉದ್ಯಮ ಮಾತ್ರ ಕಣ್ಣಿಗೆ ಕಟ್ಟುತ್ತದೆ.

ಇಂದಿನ ಸ್ಥಿತಿ

೧೯೯೪ರಲ್ಲಿ ಪೋಲಿಷ್ ರಾಷ್ಟ್ರಾಧ್ಯಕ್ಷರು ಬಿಸ್ಕುಪಿನ್ನನ್ನು ಐತಿಹಾಸಿಕ ಸ್ಮಾರಕವೆಂದು ಘೋಷಿಸಿದ್ದಾರೆ. ಅಲ್ಲಿಯ ವಸ್ತುಸಂಗ್ರಹಾಲಯ ಮೊದಲು ವಾರ್ಸಾ ನಗರದ ಪ್ರಾಕ್ತನ ಸಂಗ್ರಹಾಲಯದ ಶಾಖೆಯಾಗಿದ್ದು, ೨೦೦೦ದಿಂದ ಸ್ವತಂತ್ರವಾಗಿ ನಡೆಯುತ್ತಿದೆ. ಹಳೆಯ ಊರಿನ ಸ್ಥಳದಲ್ಲಿ ಕೋಟೆಯ ಬಾಗಿಲು, ಗೋಡೆಯ ಒಂದು ಭಾಗ, ಮನೆಗಳ ಸಾಲುಗಳು ಇವುಗಳನ್ನು ಹೊಸ ಮರದಿಂದ ಮೊದಲಿನ ರೀತಿಯಲ್ಲಿಯೇ ಕಟ್ಟಿ ನಿಲ್ಲಿಸಿದ್ದಾರೆ. ಮೂಲದ ದಿಮ್ಮಿಗಳನ್ನು ಗಾಳಿಬಿಸಿಲಿಗೆ ಒಡ್ಡಿದರೆ ಅವು ಒಣಗಿ, ಸೀಳಿ, ಪುಡಿಯಾಗುತ್ತವೆ. ಆದಕಾರಣ ಬಹುಭಾಗವನ್ನು ಮತ್ತೆ ಮಣ್ಣಿನಿಂದ ಮುಚ್ಚಿ, ನೀರಿನ ಮಟ್ಟ ಇಳಿಯದಂತೆ ನೋಡಿಕೊಳ್ಳುತ್ತಿದ್ದಾರೆ. ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಅಲ್ಲಿ ನಡೆಯುವ ಪ್ರಾಕ್ತನ ಉತ್ಸವಕ್ಕೆ ಮಕ್ಕಳು ಗುಂಪುಗುಂಪಾಗಿ ಬಂದು, ಮಡಕೆ ಮಾಡುವುದನ್ನೂ ಕಂಚು ಎರೆಯುವುದನ್ನೂ ನೋಡಿ ಹೋಗುತ್ತಾರೆ.

ಈ ಗ್ರಾಮದ ವೃತ್ತಾಂತದಲ್ಲಿ ಚರಿತ್ರೆಯನ್ನು ಓದುವವರೂ ಓದಿಸುವವರೂ ಮನನ ಮಾಡತಕ್ಕ ಅಂಶವೊಂದಿದೆ. ಪೂರ್ವಿಕರನ್ನು ಗೌರವಿಸುವುದು ಬೇರೆ, ಅವರನ್ನು ಸಾಕ್ಷಿಕಟ್ಟೆಗೆ ಎಳೆತಂದು ತಮಗೆ ಬೇಕಾದುದನ್ನು ಅವರ ಬಾಯಿಂದ ನುಡಿಯಿಸುವುದು ಬೇರೆ. ಬಿಸ್ಕುಪಿನ್ನಿನಲ್ಲಿ ಈ ಎರಡನೆಯದು ನಡೆದಾಗ ಅದರ ಬೆಲೆಯನ್ನು ತೆತ್ತವರು ಪಂಡಿತರಷ್ಟೇ ಅಲ್ಲ, ಆ ಸೀಮೆಯ ಸಾಮಾನ್ಯ ಒಕ್ಕಲುಮಕ್ಕಳು. ಭೂಮಿಯ ಮೇಲೆ ಇಂದು ಬಾಳುತ್ತಿರುವವರ ಹಕ್ಕು ಅವರು ಅಲ್ಲಿ ಉಳುವುದರಿಂದ, ಬಾಳುವುದರಿಂದ, ನೆರೆಯವರೊಡನೆ ನ್ಯಾಯವಾಗಿ ನಡೆದುಕೊಳ್ಳುವುದರಿಂದ ಬರತಕ್ಕದ್ದು. ಎರಡೂವರೆ ಸಾವಿರ ವರ್ಷಗಳ ಹಿಂದಿನ ಗೂಟವನ್ನು ತೋರಿಸಿ ಅದನ್ನು ಸಾಧಿಸಬೇಕಾದ ಅಗತ್ಯವಿಲ್ಲ, ಅದರಿಂದ ಕಸಿದುಕೊಳ್ಳುವ ಅಧಿಕಾರವಂತೂ ಯಾರಿಗೂ ಇಲ್ಲ.

ಹಾಗಾದರೆ ಆ ಗೂಟಗಳಿಂದ ಪ್ರಯೋಜನವೇನು ಎಂದರೆ, ಅವುಗಳ ನಿಜವಾದ ಪ್ರಯೋಜನವನ್ನು ಮೊದಲು ಕಂಡವರು ಆ ಹಳ್ಳಿಯ ಉಪಾಧ್ಯಾಯರು. ಅವರು ಆ ಮರಗಳಲ್ಲಿ ಪೋಲೆಂಡನ್ನೂ ಹುಡುಕಲಿಲ್ಲ, ಜರ್ಮನಿಯನ್ನೂ ಹುಡುಕಲಿಲ್ಲ. ಮಕ್ಕಳ ಮಾತನ್ನು ಅಲ್ಲಗಳೆಯದೆ ಕೇಳಿದರು. ಹೋಗಿ ಕಣ್ಣಾರೆ ನೋಡಿದರು. ಇವನ್ನು ಯಾರೋ ಕೈಯಾರೆ ನೆಟ್ಟಿದ್ದಾರೆ ಎಂದು ಅರಿತರು. ತಮಗಿಂತ ತಿಳಿದವರಿಗೆ ತಿಳಿಸಿದರು. ಸುಮಾರು ಅರುವತ್ತು ವರ್ಷಗಳ ವಾದವಿವಾದಗಳೆಲ್ಲ ಮುಗಿದ ಮೇಲೆ ವಲಯಗಳನ್ನು ಎಣಿಸಿದ ಶಾಸ್ತ್ರಜ್ಞರು ಮಾಡಿದುದೂ ಅದೇ ಬಗೆಯ ಕೆಲಸ. ಪ್ರಮಾಣ ಎಷ್ಟನ್ನು ಹೇಳುತ್ತದೆಯೋ ಅಷ್ಟನ್ನು ಕೇಳಿ, ಅಲ್ಲಿಗೆ ನಿಲ್ಲುವುದು ಅವರಿಬ್ಬರೂ ಅನುಸರಿಸಿದ ಮಾರ್ಗ. ಊರಿನ ಶಾಲೆಗೆ ಇತಿಹಾಸದ ಪಾಠವಾಗಿ ಇದಕ್ಕಿಂತ ಉತ್ತಮವಾದುದು ಬೇಕಿಲ್ಲ.